ಉಗ್ರಾಣದ ಕಟ್ಟಡಕ್ಕೆ ಕಾರ್ಯಜಾಲದ ನಕ್ಷೆ

ಮುಂಗಾರು ಮಳೆಗೆ ಮುಂಚೆ ಬೀಜ, ಗೊಬ್ಬರ, ಧಾನ್ಯ ಇವುಗಳನ್ನು ತೇವ ತಗಲದ ಸ್ಥಳದಲ್ಲಿ ಶೇಖರಿಸಿಡುವುದು ಎಷ್ಟು ಅವಶ್ಯಕವೆಂಬುದು ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಭತ್ತವನ್ನು ಕೆಲವು ತಿಂಗಳ ಕಾಲ ಕೆಡದಂತೆ ಇಡಬೇಕಾದರೆ ಅದರಲ್ಲಿ ತೇವಾಂಶವು ನೂರಕ್ಕೆ ೧೪ ಭಾಗವನ್ನು ಮೀರಕೂಡದು. ತೇವ ಹೀರಿದ ಬಿತ್ತನೆಯ ಬೀಜವು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಯೂರಿಯಾ ಗಾಳಿಯ ತೇವದಿಂದಲೇ ನೀರೊಡೆದು ಗಟ್ಟಿ ಕಟ್ಟುವುದು. ಆದುದರಿಂದ ಗ್ರಾಮದ ಸಹಕಾರ ಸಂಘವು ಒಂದು ಉಗ್ರಾಣವನ್ನು ಕಟ್ಟಿಸಲು ತೊಡಗಿದರೆ, ಅದು ಮಳೆಗೆ ಮುಂಚೆ ಮುಗಿದಾಗ ಮಾತ್ರ ಆ ವರ್ಷದ ಪ್ರಯೋಜನ ದೊರೆಯುವುದು. ಮಳೆ ಹಿಡಿದ ಮೇಲೆ ಮುಗಿದ ಉಗ್ರಾಣವು ಸಾಲದ ಬಡ್ಡಿಯನ್ನು ಬೆಳೆಸುವುದಲ್ಲದೆ, ಆ ಹಂಗಾಮಿನ ದಾಸ್ತಾನಿಗೆ ಒದಗುವುದಿಲ್ಲ.

ಹೀಗಿದ್ದರೂ ಯುಗಾದಿಯ ಹೊತ್ತಿಗೆ ಗೋಡೆಗಳು ಎದ್ದುನಿಂತು, ಛಾವಣಿಯಿಲ್ಲದೆ ಮುಂಗಾರಿನಲ್ಲಿ ನೆನೆಯುತ್ತಿರುವ ಕಟ್ಟಡಗಳು ಗ್ರಾಮಾಂತರಗಳಲ್ಲಿ ಅಪರೂಪವಲ್ಲ. ಹಣದ ಕೊರತೆ, ಕೂಲಿಯವರ ಅಭಾವ ಎಂಬ ಕಾರಣಗಳನ್ನು ಇದಕ್ಕೆ ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ, ಯಾವ ಕೆಲಸವು ಯಾವ ಕೆಲಸಕ್ಕಾಗಿ ಕಾಯುತ್ತದೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿರುವುದೇ ಅನೇಕ ವೇಳೆ ವಿಳಂಬಕ್ಕೆ ಮೂಲವಾಗಿರುವುದು ಕಂಡುಬರುತ್ತದೆ. ಈ ನ್ಯೂನತೆಯನ್ನು ಹೋಗಲಾಡಿಸಲು ಇಂಜನಿಯರುಗಳು ಅನುಸರಿಸುವ ಸಾಧನವೊಂದುಂಟು. ಅದನ್ನು ಕಾರ್ಯಜಾಲದ ನಕ್ಷೆಯೆಂದು ಕರೆಯಬಹುದು. ಕೂಡುವ, ಕಳೆಯುವ ಲೆಕ್ಕ ಬಲ್ಲ ಯಾರು ಬೇಕಾದರೂ ಒಂದು ಕಾಗದದ ಮೇಲೆ ಇದನ್ನು ರಚಿಸಬಹುದು.

ಈ ಕ್ರಮದ ಉತ್ಪತ್ತಿ

ಅಮೆರಿಕಾದ ಇಂಜನಿಯರಾದ ಹೆನ್ರಿ ಗ್ಯಾಂಟರು ೧೯೧೦ರ ದಶಕದಲ್ಲಿ ಪ್ರಚಾರಕ್ಕೆ ತಂದ ಪಟ್ಟಿಯ ನಕ್ಷೆಯು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಒಂದೊಂದು ಕೆಲಸಕ್ಕೂ ತಾರೀಖುಗಳ ಕೆಳಗೆ ಒಂದೊಂದು ಅಡ್ಡಪಟ್ಟಿಯನ್ನು ಎಳೆಯುತ್ತಾರೆ. ಯಾವ ಕೆಲಸ ಎಂದು ಆರಂಭವಾಗಿ ಎಂದು ಮುಗಿಯಬೇಕೆಂಬುದು ಅದರಿಂದ ಒಡನೆಯೇ ತಿಳಿಯುವುದು. ಆದರೆ ಒಂದು ಕೆಲಸ ತಡವಾದರೆ ಬೇರೆ ಯಾವ ಕೆಲಸಗಳು ತಡವಾಗುವುವು, ಯಾವುವು ಆಗುವುದಿಲ್ಲ ಎಂಬುದನ್ನು ಸಾದಾ ಪಟ್ಟಿಯ ನಕ್ಷೆಯು ತಿಳಿಸಲಾರದು.

ಈ ಕೊರತೆಯನ್ನು ತುಂಬುವ ಕ್ರಮವು ೧೯೫೬–೫೭ರಲ್ಲಿ ಹುಟ್ಟಿತು. ಡುಪಾಂಟ್ ಎಂಬ ರಾಸಾಯನಿಕ ವಸ್ತುಗಳ ಕಂಪೆನಿಯ ಮಾರ್ಗನ್ ವಾಕರರೂ, ರೆಮಿಂಗ್ಟನ್ ರ್‍ಯಾಂಡ್ ಎಂಬ ಯಂತ್ರಗಳ ಕಂಪೆನಿಯ ಜೇಮ್ಸ್ ಕೆಲಿಯವರೂ ಕಾರ್ಖಾನೆಗಳ ನಿರ್ಮಾಣವನ್ನು ಯುನಿವ್ಯಾಕ್ ಎಂಬ ಗಣಕಯಂತ್ರದಿಂದ ಲೆಕ್ಕಹಾಕಿಸುವ ಉದ್ದೇಶದಿಂದ ಇದನ್ನು ರೂಪಿಸಿದರು. ಇದಾದ ಸ್ವಲ್ಪ ಕಾಲದಲ್ಲಿಯೇ, ೧೯೫೮ರಲ್ಲಿ, ಅಮೆರಿಕಾದ ನೌಕಾಪಡೆಯವರು ಪೊಲಾರಿಸ್ ಎಂಬ ಕ್ಷಿಪಣಿಯ ಕಾರ್ಯಕ್ಕಾಗಿ ಇಂಥದೇ ಇನ್ನೊಂದು ಕ್ರಮವನ್ನು ಏರ್ಪಡಿಸಿಕೊಂಡರು. ೧೯೬೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಫಾಂಡಾಲರು ಕಟ್ಟಡದ ಕೆಲಸದವರಿಗೆ ಗಣಕಯಂತ್ರದ ಸಹಾಯವಿಲ್ಲದೆ ಕೈಲೆಕ್ಕದಿಂದಲೇ ಸಾಧ್ಯವಾಗುವ ವಿಧಾನವನ್ನು ವಿವರಿಸಿ ಬರೆದರು. ಗ್ರಾಮಾಂತರದ ಕಟ್ಟಡಗಳಿಗೆ ಅನುಕೂಲವಾದುದು ಈ ಕೊನೆಯ ವಿಧಾನವೇ. ಈಗ ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡುವ ಕಂಪ್ಯೂಟರ್ ತಂತ್ರಾಂಶಗಳಿವೆ. ಆದರೂ ಹತ್ತು ಹದಿನೈದು ಕೆಲಸಗಳುಳ್ಳ ಕಟ್ಟಡಕ್ಕೆ ಕಾಗದವೂ ಸೀಸದಕಡ್ಡಿಯೂ ಸಾಕು.

ಮೊದಲನೆಯ ಹೆಜ್ಜೆ: ಕೆಲಸಗಳ ಪಟ್ಟಿ

ಸಾಧಾರಣ ಗಾತ್ರದ ಒಂದು ಉಗ್ರಾಣವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಕಲ್ಲಿನ ಪಾಯ, ಇಟ್ಟಿಗೆಯ ಗೋಡೆ, ಕಬ್ಬಿಣದ ಟ್ರಸ್ಸುಗಳ ಮೇಲೆ ತಗಡಿನ ಛಾವಣಿ, ಕಾಂಕ್ರೀಟಿನ ನೆಲ ಇವು ಅದರ ಅಂಗಗಳು. ಮೊದಲು ಮೇಸ್ತ್ರಿ, ಬಡಗಿ, ಸಾಮಾನು ಒದಗಿಸುವವರು ಇವರೊಡನೆ ಕುಳಿತು ಕೆಲಸಗಳನ್ನೆಲ್ಲಾ ಬರೆಯತಕ್ಕದ್ದು. ಪ್ರತಿಯೊಂದು ಕೆಲಸದ ಎದುರಿಗೂ ಅದಕ್ಕೆ ಎಷ್ಟು ದಿನ ಹಿಡಿಯುವುದೆಂಬುದನ್ನೂ, ಅದರ ಆರಂಭಕ್ಕೆ ಮೊದಲು ಯಾವ ಕೆಲಸ ಮುಗಿದಿರಲೇಬೇಕೆಂಬುದನ್ನೂ ಕಾಣಿಸತಕ್ಕದ್ದು. ಕೆಳಗಿನ ಪಟ್ಟಿಯ ದಿನಗಳಲ್ಲಿ ವಾರದ ರಜೆಯೂ ಹಬ್ಬದ ರಜೆಯೂ ಸೇರಿವೆಯೆಂದು ತಿಳಿಯಬೇಕು. ಸ್ಥಳವನ್ನೂ ಕಟ್ಟಡದ ಗಾತ್ರವನ್ನೂ ಅನುಸರಿಸಿ ಈ ಅಂಕಿಗಳು ವ್ಯತ್ಯಾಸವಾಗುವುವು.

ಕ. ನಿವೇಶನವನ್ನು ಸಮಮಾಡಿ, ದಾರ ಹಿಡಿದು ಗುರುತು ಹಾಕುವುದು: ೩ ದಿನ, ಯಾವುದಕ್ಕೂ ಕಾಯಬೇಕಾಗಿಲ್ಲ.
ಖ. ಪಾಯದ ಅಗೆತ: ೫ ದಿನ, ಕ ಮುಗಿದ ಮೇಲೆ.
ಗ. ಕಲ್ಲು, ಇಟ್ಟಿಗೆ, ಮರಳು, ಸಿಮೆಂಟು ತರಿಸುವುದು: ೭ ದಿನ, ಯಾವುದಕ್ಕೂ ಕಾಯಬೇಕಾಗಿಲ್ಲ.
ಘ. ಪಾಯವನ್ನು ನೆಲಗಟ್ಟಿನ ಮಟ್ಟದವರೆಗೆ ಕಟ್ಟುವುದು: ೧೨ ದಿನ, ಖ, ಗ ಎರಡೂ ಮುಗಿದ ಮೇಲೆ.
ಚ. ಬಾಗಿಲು ಕಿಟಕಿಗಳ ಚೌಕಟ್ಟುಗಳನ್ನು ಬಡಗಿಯಿಂದ ಮಾಡಿಸುವುದು: ೧೫ ದಿನ, ಯಾವುದಕ್ಕೂ ಕಾಯಬೇಕಾಗಿಲ್ಲ.
ಛ. ಚೌಕಟ್ಟುಗಳನ್ನು ನಿಲ್ಲಿಸಿ ಗೋಡೆ ಕಟ್ಟುವುದು: ೧೫ ದಿನ, ಘ, ಚ ಎರಡೂ ಮುಗಿದ ಮೇಲೆ.
ಜ. ಛಾವಣಿಯ ಟ್ರಸ್ಸುಗಳನ್ನು ಪಟ್ಟಣದ ಕಾರ್ಖಾನೆಯಲ್ಲಿ ಮಾಡಿಸಿ ತರಿಸುವುದು: ೩೩ ದಿನ, ಯಾವುದಕ್ಕೂ ಕಾಯಬೇಕಾಗಿಲ್ಲ.
ಝ. ಗೋಡೆಯ ತಲೆಯ ಮೇಲೆ ಸುತ್ತಲೂ ಕಬ್ಬಿಣ ಕಟ್ಟಿದ ಕಾಂಕ್ರೀಟು ತೊಲೆಯನ್ನು ಹಾಕಿ ನೀರುಣಿಸುವುದು: ೧೩ ದಿನ, ಛ ಮುಗಿದ ಮೇಲೆ.
ಟ. ಟ್ರಸ್ಸುಗಳನ್ನು ಏರಿಸಿ ತಗಡು ಹೊದಿಸುವುದು: ೮ ದಿನ, ಜ, ಝ ಎರಡೂ ಮುಗಿದ ಮೇಲೆ.
ಠ. ಪಾಯದ ಒಳಭಾಗಕ್ಕೆ ಗರಸು ತುಂಬಿ, ನೀರು ಹಾಕಿ ದಿಮ್ಮಿಸುವುದು: ೬ ದಿನ, ಘ ಮುಗಿದ ಮೇಲೆ.
ಡ. ಒಳಗೂ ಹೊರಗೂ ಗಾರೆ ಮಾಡುವುದು: ೯ ದಿನ, ಟ ಮುಗಿದ ಮೇಲೆ.
ಢ. ಕಾಂಕ್ರೀಟು ನೆಲವನ್ನು ಹಾಕಿ ನೀರು ನಿಲ್ಲಿಸುವುದು: ೧೨ ದಿನ; ಠ, ಡ ಎರಡೂ ಮುಗಿದ ಮೇಲೆ.
ತ. ಬಾಗಿಲು ಕಿಟಕಿಗಳ ಕದಗಳನ್ನು ಜೋಡಿಸುವುದು: ೪ ದಿನ; ಡ ಮುಗಿದ ಮೇಲೆ.
ಥ. ಸುಣ್ಣ ಬಳಿದು ಶುಚಿಗೊಳಿಸುವುದು: ೩ ದಿನ, ಢ, ತ ಎರಡೂ ಮುಗಿದ ಮೇಲೆ.

ಈ ಹದಿನಾಲ್ಕು ಕೆಲಸಗಳನ್ನು ಒಂದಾದಮೇಲೊಂದರಂತೆ ಮಾಡುತ್ತ ಹೋದರೆ ಒಟ್ಟು ೧೪೫ ದಿನಗಳು ಬೇಕಾಗುವುವು. ಆದರೆ ಹಾಗೆ ಮಾಡಬೇಕಾದ ಅಗತ್ಯವಿಲ್ಲ. ನಿವೇಶನದಲ್ಲಿ ಗುರುತು ಹಾಕುತ್ತಿರುವಾಗಲೇ ಬಡಗಿಯು ತನ್ನ ಅಂಗಡಿಯಲ್ಲಿ ಚೌಕಟ್ಟುಗಳನ್ನು ಮಾಡುತ್ತಿರಬಹುದು. ಕಲ್ಲು ಇಟ್ಟಿಗೆಗಳು ಬರುತ್ತಿರಬಹುದು.

ದಿನಗಳ ಅಂದಾಜು ಸುಲಭವಾಗಿ ತೋರದ ಕೆಲಸಗಳಿಗೆ ನೌಕಾಪಡೆಯವರ ಕ್ರಮದಲ್ಲಿ ಒಂದು ಉಪಾಯವಿದೆ. ಎಲ್ಲವೂ ಅನುಕೂಲವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು ದಿನ, ಪ್ರತಿಕೂಲವಾದರೆ ಎಷ್ಟು ದಿನ ಎಂದು ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕು. ಸಾಮಾನ್ಯ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡು ಅಂಕಿಗಳನ್ನು ಅದಕ್ಕೆ ಕೂಡಿಸಿ, ಬಂದ ಮೊತ್ತವನ್ನು ಆರರಿಂದ ಭಾಗಿಸಬೇಕು. ಟ್ರಸ್ಸುಗಳಿಗೆ ಕಾರ್ಖಾನೆಯವರು ಕ್ರಮವಾಗಿ ೨೭, ೩೨, ೪೩ ದಿನಗಳೆಂದು ಹೇಳಿದರೆ, ೨೭, ೧೨೮, ೪೩ ಇವುಗಳ ಮೊತ್ತವು ೧೯೮ ಆಗುವುದು. ಆರರಿಂದ ಭಾಗಿಸಲು ೩೩ ದಿನಗಳು ಬರುವುವು. ಮೇಲಿನ ಪಟ್ಟಿಯಲ್ಲಿ ಹಿಡಿದಿರುವುದು ಈ ಅಂಕಿಯನ್ನೇ.

ಎರಡನೆಯ ಹೆಜ್ಜೆ: ನಕ್ಷೆಯ ರಚನೆ

ನಕ್ಷೆಯನ್ನು ಬರೆಯುವುದರಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದರಲ್ಲಿ ಒಂದೊಂದು ಬಾಣವೂ ಒಂದೊಂದು ಕೆಲಸವನ್ನು ಸೂಚಿಸುವುದು. ಬಾಣಗಳು ಕೂಡುವ ವೃತ್ತಗಳು ಕೆಲಸಗಳು ಮುಗಿದು ಮುಂದಿನವು ಆರಂಭವಾಗುವ ಘಟ್ಟಗಳನ್ನು ಸೂಚಿಸುವುವು. ಈ ಪದ್ಧತಿಯಲ್ಲಿ ಒಂದು ತೊಡಕುಂಟು. ಗೋಡೆಯು ಪಾಯಕ್ಕೂ ಚೌಕಟ್ಟುಗಳಿಗೂ ಕಾಯಬೇಕು. ಗರಸು ತುಂಬುವುದು ಪಾಯಕ್ಕೆ ಮಾತ್ರ ಕಾಯಬೇಕು. ಪಾಯದ ಬಾಣವನ್ನೂ ಚೌಕಟ್ಟುಗಳ ಬಾಣವನ್ನೂ ಒಂದೇ ವೃತ್ತಕ್ಕೆ ತಂದು, ಅಲ್ಲಿಂದ ಗೋಡೆಯನ್ನೂ ಗರಸನ್ನೂ ಹೊರಡಿಸಿದರೆ, ಗರಸು ತುಂಬುವುದು ಬಡಗಿಯ ಕೆಲಸಕ್ಕೂ ಕಾಯಬೇಕೆಂದು ಅರ್ಥವಾಗಿ ನಕ್ಷೆಯೇ ಸುಳ್ಳಾಗುವುದು. ಇದನ್ನು ತಪ್ಪಿಸಲು ಎರಡು ವೃತ್ತಗಳನ್ನು ಬರೆದು, ಪಾಯ ಮುಗಿದ ವೃತ್ತದಿಂದ ಚೌಕಟ್ಟುಗಳು ಮುಗಿದ ವೃತ್ತಕ್ಕೆ ಚುಕ್ಕೆಗಳ ಬಾಣವೊಂದನ್ನು ಎಳೆಯಬೇಕು. ಇದಕ್ಕೆ ಹುಸಿ ಬಾಣವೆಂದು ಹೆಸರು. ಇದಕ್ಕೆ ಕಾಲವೂ ಇಲ್ಲ, ಕೂಲಿಯೂ ಇಲ್ಲ; ‘ಇದು ಮುಗಿಯದೆ ಅದು ಆಗದು’ ಎಂಬ ಸಂಬಂಧವನ್ನು ಮಾತ್ರ ತಿಳಿಸುವುದು. ಗಾರೆ, ನೆಲ, ಕದಗಳ ಜೋಡಣೆ ಇವುಗಳ ನಡುವೆಯೂ ಇದೇ ಕಾರಣದಿಂದ ಇನ್ನೊಂದು ಹುಸಿ ಬಾಣ ಬೇಕಾಗುವುದು.

ಎರಡನೆಯ ಪದ್ಧತಿಯು ಫಾಂಡಾಲರು ವಿವರಿಸಿದುದು. ಇದರಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಚೌಕವನ್ನು ಬರೆದು, ಚೌಕದಿಂದ ಚೌಕಕ್ಕೆ ಗೆರೆಗಳನ್ನು ಎಳೆಯುತ್ತಾರೆ. ಇಲ್ಲಿ ಹುಸಿ ಬಾಣಗಳ ಅವಶ್ಯಕತೆಯೇ ಇಲ್ಲ. ಹೊಸದಾಗಿ ಕಲಿಯುವವರಿಗೆ ಈ ಪದ್ಧತಿಯೇ ಸುಲಭ. ಕ, ಗ, ಚ, ಜ ಎಂಬ ನಾಲ್ಕು ಚೌಕಗಳನ್ನು ಕಾಗದದ ಎಡ ಅಂಚಿನಲ್ಲಿ ಒಂದರ ಕೆಳಗೊಂದರಂತೆ ಬರೆದು, ಉಳಿದವನ್ನು ಬಲಕ್ಕೆ ಬೆಳೆಸುತ್ತ ಹೋಗಿ, ಬಲ ಅಂಚಿನಲ್ಲಿ ಥ ಎಂಬ ಒಂದೇ ಚೌಕಕ್ಕೆ ಎಲ್ಲವನ್ನೂ ತಲಪಿಸಬೇಕು. ಗೆರೆಗಳು ಎಲ್ಲಿಯೂ ಸುತ್ತಿ ಬಂದು ಹಿಂದಿನ ಚೌಕಕ್ಕೆ ಸೇರಕೂಡದು. ಹಾಗೆ ಸೇರಿದರೆ ಪಟ್ಟಿಯಲ್ಲಿ ದೋಷವಿದೆಯೆಂದು ತಿಳಿಯಬೇಕು.

ಮೂರನೆಯ ಹೆಜ್ಜೆ: ಮುಂದಕ್ಕೆ ಲೆಕ್ಕ, ಹಿಂದಕ್ಕೆ ಲೆಕ್ಕ

ಮೊದಲು ಎಡದಿಂದ ಬಲಕ್ಕೆ ಲೆಕ್ಕ ಮಾಡಬೇಕು. ಕೆಲಸ ಆರಂಭವಾಗುವ ಮುಂಜಾನೆಯನ್ನು ೦ ಎಂದು ಹಿಡಿದರೆ, ಕ ಎಂಬುದು ೩ನೆಯ ದಿನದ ಸಂಜೆಗೂ, ಖ ಎಂಬುದು ೮ನೆಯ ದಿನದ ಸಂಜೆಗೂ ಮುಗಿಯುವುವು. ಸಾಮಾನು ತರಿಸುವ ಗ ಎಂಬುದು ೭ನೆಯ ದಿನಕ್ಕೆ ಮುಗಿಯುವುದು. ಪಾಯ ಕಟ್ಟುವುದಕ್ಕೆ ಇವೆರಡೂ ಬೇಕಾದುದರಿಂದ ಅದು ಆರಂಭವಾಗುವುದು ೮ಕ್ಕೆ, ೭ಕ್ಕಲ್ಲ. ಎರಡು ಮೂರು ದಾರಿಗಳು ಕೂಡುವೆಡೆಯಲ್ಲಿ ದೊಡ್ಡ ಅಂಕಿಯನ್ನೇ ಹಿಡಿಯಬೇಕೆಂಬುದು ಇಲ್ಲಿಯ ನಿಯಮ. ಹೀಗೆ ಮುಂದುವರಿದರೆ ಪಾಯವು ೨೦ಕ್ಕೆ, ಗೋಡೆ ೩೫ಕ್ಕೆ, ಮೇಲಿನ ತೊಲೆ ೪೮ಕ್ಕೆ, ಛಾವಣಿ ೫೬ಕ್ಕೆ, ಗಾರೆ ೬೫ಕ್ಕೆ, ನೆಲ ೭೭ಕ್ಕೆ, ಸುಣ್ಣ ೮೦ಕ್ಕೆ ಮುಗಿಯುವುವು. ಅಂದರೆ ಕಟ್ಟಡಕ್ಕೆ ಬೇಕಾದ ಕಾಲವು ೮೦ ದಿನಗಳು.

ಬಳಿಕ ಬಲದಿಂದ ಎಡಕ್ಕೆ ಬರಬೇಕು. ಕಟ್ಟಡವು ೮೦ನೆಯ ದಿನಕ್ಕೆ ಮುಗಿಯಬೇಕಾದರೆ, ಪ್ರತಿಯೊಂದು ಕೆಲಸವೂ ಎಷ್ಟು ತಡವಾಗಿ ಮುಗಿದರೆ ನಡೆಯಬಹುದು ಎಂಬುದನ್ನು ಕಳೆಯುವ ಲೆಕ್ಕದಿಂದ ಕಾಣಬೇಕು. ಇಲ್ಲಿ ದಾರಿಗಳು ಕವಲೊಡೆಯುವೆಡೆಯಲ್ಲಿ ಚಿಕ್ಕ ಅಂಕಿಯನ್ನು ಹಿಡಿಯಬೇಕು. ಛಾವಣಿಯನ್ನು ೪೮ರ ಸಂಜೆಯ ನಂತರ ಹಾಕಬೇಕಾದುದರಿಂದ ಟ್ರಸ್ಸುಗಳು ೪೮ಕ್ಕೆ ಬಂದರೆ ಸಾಕು. ಅವುಗಳಿಗೆ ೩೩ ದಿನ ಹಿಡಿಯುವುದರಿಂದ ೧೫ನೆಯ ದಿನದ ಸಂಜೆಯೊಳಗೆ ಕಾರ್ಖಾನೆಗೆ ಒಪ್ಪಿಸಿದರೆ ನಡೆಯುವುದು. ಬೇಗ ಆರಂಭಿಸಬಹುದಾದ ದಿನಕ್ಕೂ, ತಡವೆಂದರೆ ಆರಂಭಿಸಲೇಬೇಕಾದ ದಿನಕ್ಕೂ ಇರುವ ಅಂತರವೇ ಆ ಕೆಲಸದ ಸಾವಕಾಶ. ಎರಡು ಲೆಕ್ಕಗಳ ಫಲವನ್ನೂ ಹೀಗೆ ಬರೆದಿಡಬಹುದು:

ಕ: ಬೇಗವಾದರೆ ೦–೩, ತಡವಾದರೆ ೦–೩, ಸಾವಕಾಶ ೦.
ಖ: ೩–೮, ೩–೮, ೦.
ಗ: ೦–೭, ೧–೮, ೧.
ಘ: ೮–೨೦, ೮–೨೦, ೦.
ಚ: ೦–೧೫; ೫–೨೦; ೫.
ಛ: ೨೦–೩೫, ೨೦–೩೫, ೦.
ಜ: ೦–೩೩, ೧೫–೪೮, ೧೫.
ಝ: ೩೫–೪೮, ೩೫–೪೮, ೦.
ಟ: ೪೮–೫೬, ೪೮–೫೬, ೦.
ಠ: ೨೦–೨೬, ೫೯–೬೫, ೩೯.
ಡ: ೫೬–೬೫, ೫೬–೬೫, ೦.
ಢ: ೬೫–೭೭, ೬೫–೭೭, ೦.
ತ: ೬೫–೬೯, ೭೩–೭೭, ೮.
ಥ: ೭೭–೮೦, ೭೭–೮೦, ೦.

ಸಾವಕಾಶವು ಸೊನ್ನೆಯಾಗಿರುವ ಕ, ಖ, ಘ, ಛ, ಝ, ಟ, ಡ, ಢ, ಥ ಎಂಬ ಒಂಬತ್ತು ಕೆಲಸಗಳು ಒಂದು ಸರಪಳಿಯಂತೆ ಆರಂಭದಿಂದ ಕೊನೆಯವರೆಗೂ ಹಬ್ಬಿರುವುವು. ಇದಕ್ಕೆ ನಿರ್ಣಾಯಕ ಮಾರ್ಗವೆಂದು ಹೆಸರು. ಈ ಮಾರ್ಗದ ಮೇಲಿನ ಯಾವ ಕೆಲಸದಲ್ಲಿ ಒಂದು ದಿನ ತಡವಾದರೂ ಕಟ್ಟಡವು ಒಂದು ದಿನ ತಡವಾಗುವುದು. ನಕ್ಷೆಯಲ್ಲಿ ಈ ಚೌಕಗಳನ್ನು ಕೆಂಪು ಮಸಿಯಿಂದ ಗುರುತಿಸುವುದು ಒಳ್ಳೆಯದು.

ಸಾವಕಾಶವುಳ್ಳ ಕೆಲಸವನ್ನು ಅಲಕ್ಷಿಸಿದರೆ ಆಗುವ ಹಾನಿ

ಹದಿನಾಲ್ಕು ಕೆಲಸಗಳಲ್ಲಿ ಹೆಚ್ಚು ದಿನ ಹಿಡಿಯುವುದು ಟ್ರಸ್ಸುಗಳ ಕೆಲಸ. ಆದರೂ ಅದು ನಿರ್ಣಾಯಕ ಮಾರ್ಗದ ಮೇಲಿಲ್ಲ. ಹೆಚ್ಚು ಕಾಲ ಹಿಡಿಯುವ ಕೆಲಸವೇ ಹೆಚ್ಚು ತುರ್ತಿನದೆಂಬ ಭಾವನೆಯು ಸರಿಯಲ್ಲವೆಂಬುದು ಇದರಿಂದ ವಿದಿತವಾಗುವುದು. ಆದರೆ ಅದನ್ನು ಎಂದಾದರೂ ಆರಂಭಿಸಬಹುದೆಂದು ಭಾವಿಸುವುದು ಅದಕ್ಕಿಂತಲೂ ದೊಡ್ಡ ತಪ್ಪು.

ಸಂಘವು ಮಾರ್ಚ್ ೧ರಂದು ಕೆಲಸವನ್ನು ಆರಂಭಿಸಿತೆಂದು ಇಟ್ಟುಕೊಳ್ಳೋಣ. ನಕ್ಷೆಯ ಪ್ರಕಾರ ನಡೆದರೆ ಗೋಡೆಯು ಏಪ್ರಿಲ್ ೪ಕ್ಕೆ, ಛಾವಣಿಯು ಏಪ್ರಿಲ್ ೨೫ಕ್ಕೆ, ಎಂದರೆ ಭರಣಿ ಮಳೆಗೆ ಮುಂಚೆಯೇ, ಮುಗಿಯುವುವು. ಮೇ ೧೯ರ ಸಂಜೆಗೆ ಉಗ್ರಾಣವು ಸಿದ್ಧವಾಗುವುದು. ರೋಹಿಣಿ ಮಳೆ ಹುಟ್ಟುವುದರೊಳಗೆ ಬೀಜವನ್ನೂ ಗೊಬ್ಬರವನ್ನೂ ಒಳಗಿರಿಸಬಹುದು.

ಈಗ ವಾಡಿಕೆಯ ಕ್ರಮವನ್ನು ನೋಡಬೇಕು. ‘ಗೋಡೆ ಏಳಲಿ, ಆಮೇಲೆ ಛಾವಣಿಯ ಮಾತು’ ಎಂದು ಅನೇಕರು ಗೋಡೆ ಮುಗಿದ ನಂತರವೇ ಟ್ರಸ್ಸುಗಳಿಗೆ ಮುಂಗಡ ಕೊಡುವರು. ಆಗ ೩೫ನೆಯ ದಿನಕ್ಕೆ ಒಪ್ಪಿಸಿದ ಕೆಲಸವು ೬೮ನೆಯ ದಿನ, ಅಂದರೆ ಮೇ ೭ಕ್ಕೆ ಕೈಸೇರುವುದು. ಮೇಲಿನ ತೊಲೆಯು ಏಪ್ರಿಲ್ ೧೭ಕ್ಕೇ ಸಿದ್ಧವಾಗಿದ್ದು, ಇಪ್ಪತ್ತು ದಿನಗಳ ಕಾಲ ಮೇಸ್ತ್ರಿಯೂ ಆಳುಗಳೂ ಕೆಲಸವಿಲ್ಲದೆ ಚದರಿಹೋಗುವರು. ಛಾವಣಿ ಮುಗಿಯುವುದು ಮೇ ೧೫ಕ್ಕೆ. ಅಷ್ಟರೊಳಗೆ ಭರಣಿ ಕಳೆದು ಕೃತ್ತಿಕೆ ಹುಟ್ಟಿರುವುದು. ಕಟ್ಟಡ ಪೂರ್ತಿಯಾಗುವುದು ೧೦೦ನೆಯ ದಿನ, ಜೂನ್ ೮ಕ್ಕೆ. ಮೃಗಶಿರ ಮಳೆಯು ಹುಟ್ಟುವುದೂ ಆ ಸುಮಾರಿಗೇ. ಯಾರೂ ಸೋಮಾರಿತನ ಮಾಡದೆ, ಯಾವ ಕೆಲಸವೂ ಅಂದಾಜಿಗಿಂತ ಹೆಚ್ಚು ದಿನ ಹಿಡಿಯದೆ, ಒಂದು ಮುಂಗಡವು ತಡವಾದ ಮಾತ್ರಕ್ಕೆ ಒಂದು ಹಂಗಾಮು ಕೈತಪ್ಪುವುದು.

ಇದರಿಂದ ಸಂಘದ ಕಾರ್ಯದರ್ಶಿಗಳು ಗಮನಿಸಬೇಕಾದ ಇನ್ನೊಂದು ವಿಷಯವುಂಟು. ಕಟ್ಟಡದ ಸಾಲದ ಕಂತುಗಳು ಸಾಮಾನ್ಯವಾಗಿ ಕಟ್ಟಡವು ಏರಿದಂತೆ ಬಿಡುಗಡೆಯಾಗುತ್ತವೆ. ಆದರೆ ಟ್ರಸ್ಸುಗಳ ಮುಂಗಡವು ಪಾಯವು ಮೇಲೇಳುವುದಕ್ಕೆ ಮೊದಲೇ, ಮಾರ್ಚ್ ೧೫ರೊಳಗೆ ಬೇಕಾಗಿದೆ. ಈ ಹಣವನ್ನು ಎಲ್ಲಿಂದ ಒದಗಿಸಬೇಕೆಂಬುದನ್ನು ಕೆಲಸದ ಆರಂಭಕ್ಕೆ ಮೊದಲೇ ಆಡಳಿತ ಮಂಡಲಿಯಲ್ಲಿ ತೀರ್ಮಾನಿಸಿಕೊಂಡಿರಬೇಕು. ಯಾವ ವಾರದಲ್ಲಿ ಎಷ್ಟು ಹಣ ಬೇಕೆಂಬುದನ್ನೂ ನಕ್ಷೆಯಿಂದಲೇ ಲೆಕ್ಕಹಾಕಬಹುದು.

ಅವಸರಪಡಿಸುವುದರಲ್ಲಿ ವಿವೇಕ

ಕೆಲಸವು ಹಿಂದೆ ಬಿದ್ದಾಗ ಎಲ್ಲರನ್ನೂ ಒಟ್ಟಿಗೆ ಅವಸರಪಡಿಸುವುದು ಲೋಕರೂಢಿ. ಇದರಿಂದ ಖರ್ಚು ಹೆಚ್ಚುವಷ್ಟು ಕಾಲವು ಉಳಿಯುವುದಿಲ್ಲ. ಇನ್ನೊಬ್ಬ ಬಡಗಿಯನ್ನು ಸೇರಿಸಿ ಚೌಕಟ್ಟುಗಳನ್ನು ೧೫ ದಿನಕ್ಕೆ ಬದಲಾಗಿ ೧೦ ದಿನದಲ್ಲಿ ಮಾಡಿಸಿದರೆ ಕೂಲಿಯು ಹೆಚ್ಚುವುದೇ ಹೊರತು ಕಟ್ಟಡವು ಒಂದು ದಿನವೂ ಮುಂಚೆ ಮುಗಿಯದು. ಏಕೆಂದರೆ ಆ ಚೌಕಟ್ಟುಗಳು ಪಾಯ ಮುಗಿಯುವ ೨೦ನೆಯ ದಿನದವರೆಗೂ ಕಾದು ಬಿದ್ದಿರುವುವು. ಅದೇ ಹಣದಿಂದ ಗೋಡೆಗೆ ಎರಡನೆಯ ಮೇಸ್ತ್ರಿಯ ತಂಡವನ್ನು ಹಾಕಿ ೧೫ ದಿನದ ಕೆಲಸವನ್ನು ೧೧ ದಿನದಲ್ಲಿ ಮುಗಿಸಿದರೆ ಇಡೀ ಕಟ್ಟಡವು ನಾಲ್ಕು ದಿನ ಮುಂಚೆ, ಮೇ ೧೫ಕ್ಕೆ ಮುಗಿಯುವುದು. ಆದರೆ ಹಾಗೆ ಮಾಡಿದಾಗ ಟ್ರಸ್ಸುಗಳ ಸಾವಕಾಶವು ೧೫ರಿಂದ ೧೧ ದಿನಕ್ಕೆ ಇಳಿಯುವುದೆಂಬುದನ್ನು ಮರೆಯಕೂಡದು.

ನಿರ್ಣಾಯಕ ಮಾರ್ಗದ ಮೇಲೆ ಉಳಿಸಿದ ದಿನಗಳೆಲ್ಲವೂ ಕೈಗೆ ದಕ್ಕುತ್ತವೆಂದೂ ಹೇಳುವಂತಿಲ್ಲ. ಯಂತ್ರದಿಂದ ಅಗೆಸಿ ಪಾಯದ ಅಗೆತವನ್ನು ೫ ದಿನದ ಬದಲು ೩ ದಿನದಲ್ಲಿ ಮುಗಿಸಿದರೆ ಅಗೆತವು ೬ನೆಯ ದಿನಕ್ಕೆ ಮುಗಿಯುವುದು. ಆದರೆ ಕಲ್ಲು ಸಿಮೆಂಟುಗಳು ಬಂದು ಸೇರುವುದು ೭ಕ್ಕೆ. ಎರಡು ದಿನ ಉಳಿಸಲು ಹಣ ಕೊಟ್ಟು ಒಂದು ದಿನವನ್ನು ಮಾತ್ರ ಪಡೆದಂತಾಗುವುದು. ಅಂದಿನಿಂದ ಸಾಮಾನು ತರಿಸುವ ಕೆಲಸವೇ ನಿರ್ಣಾಯಕವಾಗಿ ಬಿಡುವುದು. ಆದುದರಿಂದ ಒಂದು ಕೆಲಸವನ್ನು ಕುಗ್ಗಿಸಿದೊಡನೆ ನಕ್ಷೆಯ ಲೆಕ್ಕವನ್ನು ಮತ್ತೆ ಮಾಡತಕ್ಕದ್ದು.

ಕುಗ್ಗಿಸಲೇಬಾರದ ಕೆಲಸಗಳೂ ಇವೆ. ಕಾಂಕ್ರೀಟಿಗೆ ನೀರುಣಿಸುವ ಕಾಲವು ಅವುಗಳಲ್ಲಿ ಮುಖ್ಯವಾದುದು. ಭಾರತೀಯ ಮಾನಕ ೪೫೬ರ ೨೦೦೦ನೆಯ ಇಸವಿಯ ಆವೃತ್ತಿಯಂತೆ ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ೭ ದಿನಗಳೂ, ಒಣಹವೆಯ ಬಿಸಿಲಿಗೆ ಒಡ್ಡಿದ ಕಾಂಕ್ರೀಟಿಗೆ ಕನಿಷ್ಠ ೧೦ ದಿನಗಳೂ ತೇವವನ್ನು ಕಾಯಬೇಕು. ಬಯಲುಸೀಮೆಯ ಏಪ್ರಿಲ್ ತಿಂಗಳಿನಲ್ಲಿ ಎರಡನೆಯ ನಿಯಮವೇ ಅನ್ವಯಿಸುವುದು. ಮೇಲಿನ ತೊಲೆಯ ೧೩ ದಿನಗಳಲ್ಲಿ ೧೦ ದಿನಗಳು ಇದಕ್ಕಾಗಿಯೇ ಇವೆ. ಇಲ್ಲಿ ಮೂರು ನಾಲ್ಕು ದಿನಗಳನ್ನು ಕದ್ದರೆ ನಕ್ಷೆಯ ಮೇಲೆ ಲಾಭವು ಕಾಣುವುದು. ನಷ್ಟವು ತೊಲೆಯ ಬಲದಲ್ಲಿ ಕಾಣುವುದು.

ನಕ್ಷೆಯು ತಿಳಿಸದಿರುವ ಸಂಗತಿಗಳು

ಕಾರ್ಯಜಾಲದ ನಕ್ಷೆಯು ಕೆಲಸಗಳ ಕ್ರಮವನ್ನು ತಿಳಿಸುವುದೇ ಹೊರತು, ಅವುಗಳನ್ನು ಮಾಡುವ ಕೈಗಳು ಎಷ್ಟೆಂಬುದನ್ನು ತಾನಾಗಿ ತಿಳಿಸದು. ಪಾಯ ಮುಗಿದ ಮರುದಿನವೇ ಗೋಡೆಯೂ ಗರಸು ತುಂಬುವುದೂ ಆರಂಭವಾಗಬಹುದೆಂದು ನಕ್ಷೆ ಹೇಳುವುದು. ಎರಡಕ್ಕೂ ಅವೇ ಆಳುಗಳು ಬೇಕಾದರೆ ಗೋಡೆಯನ್ನೇ ಮೊದಲು ಹಿಡಿಸಬೇಕು. ಗರಸಿಗೆ ೩೯ ದಿನಗಳ ಸಾವಕಾಶವಿರುವುದರಿಂದ ಆಳುಗಳಿಗೆ ಬಿಡುವಾದಾಗ ಅದನ್ನು ಮಾಡಿಸಬಹುದು. ಮೇಲಿನ ತೊಲೆಗೆ ನೀರುಣಿಸುತ್ತಿರುವ ಹತ್ತು ದಿನಗಳು ಇದಕ್ಕೆ ತಕ್ಕ ಕಾಲ. ಸಾವಕಾಶವಿದೆಯೆಂದು ಕೊನೆಯ ದಿನದವರೆಗೂ ಬಿಡುವುದು ಮಾತ್ರ ಸರಿಯಲ್ಲ. ತುಂಬಿದ ಮಣ್ಣು ಚೆನ್ನಾಗಿ ಕೂರದೆ ಅದರ ಮೇಲೆ ಕಾಂಕ್ರೀಟು ಹಾಕಿದರೆ ನೆಲವು ಬಿರಿಯುವುದು. ಎರೆಭೂಮಿಯ ಪ್ರಾಂತಗಳಲ್ಲಿ ಅಗೆದ ಕಪ್ಪುಮಣ್ಣನ್ನೇ ಒಳಕ್ಕೆ ತುಂಬಕೂಡದೆಂಬುದನ್ನೂ ನೆನಪಿಡಬೇಕು. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಸೀಳಿ, ನೆಲವನ್ನು ಕೆಡಿಸುವುದು.

ನಾಲೆಯ ಕೆಳಗಿನ ಗ್ರಾಮಗಳಲ್ಲಿ ಬೇಸಗೆ ಭತ್ತದ ಕೊಯ್ಲು ಬಂದಾಗ ಆಳುಗಳು ಗದ್ದೆಗಳಿಗೆ ಹೋಗುವುದು ಸಹಜ. ಆ ವಾರಗಳು ಯಾವುವೆಂಬುದು ಗ್ರಾಮಸ್ಥರಿಗೆ ಮೊದಲೇ ತಿಳಿದಿರುವುದರಿಂದ, ಅವು ನಿರ್ಣಾಯಕ ಮಾರ್ಗದ ಯಾವ ಕೆಲಸದ ಮೇಲೆ ಬೀಳುವುವೆಂಬುದನ್ನು ನೋಡಿಕೊಂಡು, ಆ ಕೆಲಸಕ್ಕೆ ದಿನಗಳನ್ನು ಹೆಚ್ಚಿಸಿ ಹಿಡಿಯಬೇಕು.

ವಾರಕ್ಕೊಮ್ಮೆ ತಿದ್ದುವುದು

ಒಮ್ಮೆ ಬರೆದು ಗೋಡೆಗೆ ಅಂಟಿಸಿದ ಮಾತ್ರಕ್ಕೆ ನಕ್ಷೆಯಿಂದ ಪ್ರಯೋಜನವಾಗುವುದಿಲ್ಲ. ವಾರಕ್ಕೊಂದು ಗೊತ್ತಾದ ದಿನ ಮೇಸ್ತ್ರಿಯನ್ನು ಕೂರಿಸಿಕೊಂಡು, ಮುಗಿದ ಕೆಲಸಗಳನ್ನು ಹೊಡೆದುಹಾಕಿ, ನಡೆಯುತ್ತಿರುವ ಕೆಲಸಗಳಿಗೆ ಇನ್ನೆಷ್ಟು ದಿನ ಬೇಕೆಂಬುದನ್ನು ಕೇಳಿ ಬರೆಯಬೇಕು. ಎಷ್ಟು ಕೆಲಸವಾಗಿದೆ ಎಂಬ ಪ್ರಶ್ನೆಗಿಂತ ಇನ್ನೆಷ್ಟು ದಿನ ಬೇಕು ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತವಾದುದು. ಪಾಯವು ೨೦ರ ಬದಲು ೨೩ನೆಯ ದಿನಕ್ಕೆ ಮುಗಿದರೆ, ಮುಂದಿನದೆಲ್ಲವೂ ಮೂರು ದಿನ ಸರಿದು ಕಟ್ಟಡವು ಮೇ ೨೨ಕ್ಕೆ ಹೋಗುವುದು. ಅದೇ ದಿನ ಇದು ಗೊತ್ತಾದರೆ ಗೋಡೆಗೆ ಎರಡನೆಯ ತಂಡವನ್ನು ಹಾಕಿ ಕಳೆದುದನ್ನು ಪಡೆಯಬಹುದು. ಮೇ ತಿಂಗಳಿನಲ್ಲಿ ಗೊತ್ತಾದರೆ ಉಳಿದಿರುವುದು ಬಹುಮಟ್ಟಿಗೆ ಕುಗ್ಗಿಸಬಾರದ ಕೆಲಸಗಳೇ.

ಇದೇ ಕ್ರಮವನ್ನು ಕೃಷಿಹೊಂಡ, ಕೊಟ್ಟಿಗೆ, ರೇಷ್ಮೆಹುಳು ಸಾಕುವ ಮನೆ, ಒಕ್ಕಣೆಯ ಕಣ ಮುಂತಾದ ಎಲ್ಲ ನಿರ್ಮಾಣಗಳಿಗೂ ಅನ್ವಯಿಸಬಹುದು. ಕೆಲಸಗಳು ಐದಾರೇ ಇದ್ದರೂ ನಕ್ಷೆಯನ್ನು ಬರೆಯುವುದು ವ್ಯರ್ಥವಲ್ಲ. ಈ ಬೇಸಗೆಯಲ್ಲಿ ಕಟ್ಟಡವನ್ನು ಕೈಕೊಳ್ಳುವ ಸಂಘಗಳವರು ಗುದ್ದಲಿಪೂಜೆಗೆ ಒಂದು ವಾರ ಮುಂಚೆ ಕುಳಿತು ಪಟ್ಟಿಯನ್ನು ಬರೆದು, ಕೆಂಪು ಮಸಿಯ ಮಾರ್ಗವನ್ನು ಗುರುತಿಸಿ, ಆ ಮಾರ್ಗದ ಹೊರಗಿರುವ ಪ್ರತಿಯೊಂದು ಕೆಲಸದ ಎದುರಿಗೂ ಅದನ್ನು ಆರಂಭಿಸಲೇಬೇಕಾದ ಕಡೆಯ ತಾರೀಖನ್ನು ಬರೆದಿಡತಕ್ಕದ್ದು. ಆ ತಾರೀಖುಗಳನ್ನು ತಪ್ಪದೆ ನಡೆಸಿದ ಸಂಘವು, ಆಕಾಶವನ್ನು ನೋಡುತ್ತ ಕಳವಳಪಡುವ ಪ್ರಮೇಯವಿಲ್ಲದೆ, ಮೃಗಶಿರಕ್ಕೆ ಮುಂಚೆ ತನ್ನ ರೈತರ ಬೀಜಗೊಬ್ಬರಗಳನ್ನು ಭದ್ರವಾದ ಸೂರಿನ ಕೆಳಗೆ ಇರಿಸಬಹುದು.